ವಾರಂಟಿ ಮುಗಿದ ಮೇಲೂ ಗೆಲ್ಲಬಹುದು: ಬಮ್ಮಿಗಟ್ಟಿಯ ಗ್ರಾಹಕರಿಗೆ ಕೆಲವು ಸೂತ್ರಗಳು

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಲ್ಲಿ ಟಿವಿಯೋ ಮೊಬೈಲೋ ಕೆಟ್ಟರೆ ಕಂಪನಿಯ ಸರ್ವಿಸ್ ಸೆಂಟರ್ ಹುಡುಕಿಕೊಂಡು ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಬೇಕು. ಒಂದು ದಿನದ ಕೆಲಸ ಹಾಳು, ಬಸ್ ಚಾರ್ಜು ಬೇರೆ. ಅಷ್ಟೆಲ್ಲ ಮಾಡಿ ಹೋದವರಿಗೆ ಕೌಂಟರಿನಲ್ಲಿ ಸಿಗುವುದು ಒಂದೇ ಉತ್ತರ: "ವಾರಂಟಿ ಮುಗದೈತ್ರಿ, ನಮ್ಮ ಕೈಯಾಗ ಏನೂ ಇಲ್ರಿ." ಅಲ್ಲಿಂದ ಮುಂದೆ ಮಾತಾಡಲು ಏನೂ ಇಲ್ಲ ಅಂದುಕೊಂಡು ಹೆಚ್ಚಿನವರು ಕೇಳಿದಷ್ಟು ರೊಕ್ಕ ಕೊಡುತ್ತಾರೆ, ಇಲ್ಲವೇ ಆ ಸಾಮಾನನ್ನು ಅಟ್ಟಕ್ಕೆ ಹಾಕುತ್ತಾರೆ. ಮಾತಾಡಲು ಬಹಳಷ್ಟಿದೆ. ಯಾವ ಭಾಗ ಕೆಟ್ಟಿತು, ದೋಷ ಯಾವಾಗ ಹುಟ್ಟಿತು, ಮಾರುವಾಗ ಏನು ಹೇಳಿದ್ದರು ಎಂಬ ಮೂರು ಪ್ರಶ್ನೆಗಳಿಗೆ ವಾರಂಟಿಯ ಕೊನೆಯ ತಾರೀಕು ಉತ್ತರ ಕೊಡುವುದಿಲ್ಲ. ಆ ಉತ್ತರ ನಿಮ್ಮ ಕೈಯಲ್ಲಿರಬೇಕು.

1. ವಾರಂಟಿ ಬೇರೆ, ಕಾನೂನು ಬೇರೆ ಎಂದು ತಿಳಿದಿರಿ

ವಾರಂಟಿ ಕಂಪನಿ ತಾನಾಗಿ ಕೊಟ್ಟ ಮಾತು. ಅದರ ಹಿಂದೆ ಕಾನೂನು ಹೊರಿಸಿದ ಇನ್ನೊಂದು ಹೊಣೆ ಇದೆ. ಸರಕು ಮಾರಾಟ ಕಾಯ್ದೆ, 1930ರ 16ನೇ ಕಲಮು ಹೇಳುವಂತೆ, ಒಂದು ಬಗೆಯ ಸಾಮಾನನ್ನೇ ಮಾರುವ ವ್ಯಾಪಾರಿ ಮಾರಿದ ಸರಕು ಮಾರಾಟಕ್ಕೆ ತಕ್ಕ ಗುಣಮಟ್ಟದ್ದಾಗಿರಬೇಕು. ಕಾರ್ಡಿನ ಮೇಲೆ ಒಂದು ವರ್ಷ ಎಂದು ಬರೆದ ಮಾತ್ರಕ್ಕೆ, ಅದು ಈ ಹೊಣೆಗೆ ನೇರ ವಿರುದ್ಧವಾಗಿಲ್ಲದಿದ್ದರೆ, ಹೊಣೆ ತಪ್ಪುವುದಿಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ 'ದೋಷ' ಎಂಬುದರ ವಿವರಣೆ ಇನ್ನೂ ಅಗಲವಾಗಿದೆ. ಕಾನೂನು ಬೇಡುವ ಗುಣಮಟ್ಟ, ಕರಾರಿನಲ್ಲಿ ಬಾಯಿಬಿಟ್ಟು ಹೇಳಿದ ಅಥವಾ ಹೇಳದೆಯೂ ಅಡಗಿರುವ ಗುಣಮಟ್ಟ, ವ್ಯಾಪಾರಿ ತಾನಾಗಿ ಕೊಚ್ಚಿಕೊಂಡ ಗುಣಮಟ್ಟ, ಇವುಗಳಲ್ಲಿ ಯಾವುದಕ್ಕೆ ಕೊರತೆಯಾದರೂ ಅದು ದೋಷವೇ.

ಯುರೋಪಿನ ಒಕ್ಕೂಟದ ದೇಶಗಳಲ್ಲಿ ಹೊಸ ಸಾಮಾನಿಗೆ ಕನಿಷ್ಠ ಎರಡು ವರ್ಷದ ಖಾತ್ರಿಯನ್ನು ಕಾನೂನೇ ಕೊಡುತ್ತದೆ. ನಮ್ಮಲ್ಲಿ ಹಾಗೆ ವರ್ಷದ ಲೆಕ್ಕ ಕಟ್ಟಿಲ್ಲ. ಆದ್ದರಿಂದ ನಮ್ಮಲ್ಲಿ ಪ್ರತಿ ಪ್ರಕರಣವೂ ಪುರಾವೆಯ ಮೇಲೆ ನಿಲ್ಲುತ್ತದೆ. ಮುಂದಿನ ಸೂತ್ರಗಳಲ್ಲಿ ಬಹುಪಾಲು ಆ ಪುರಾವೆಯ ಬಗ್ಗೆಯೇ ಇವೆ.

2. ಕಾರ್ಡನ್ನು ಇನ್ನೊಮ್ಮೆ ಓದಿ, ಭಾಗಭಾಗವಾಗಿ ಓದಿ

ಎಷ್ಟೋ ಮನೆಗಳಲ್ಲಿ ಮುಗಿದಿದೆ ಅಂದುಕೊಂಡ ವಾರಂಟಿ ನಿಜವಾಗಿ ಮುಗಿದಿರುವುದೇ ಇಲ್ಲ. ಫ್ರಿಜ್ಜಿಗೆ ಪೂರ್ತಿ ವಾರಂಟಿ ಒಂದು ವರ್ಷ ಇರಬಹುದು, ಆದರೆ ಅದರ ಕಂಪ್ರೆಸರ್‌ಗೆ ಹತ್ತು ವರ್ಷ ಎಂದು ಬಾಗಿಲ ಮೇಲಿನ ಸ್ಟಿಕ್ಕರ್‌ನಲ್ಲೇ ಬರೆದಿರುತ್ತದೆ. ವಾಷಿಂಗ್ ಮಷೀನಿನ ಮೋಟರಿಗೂ ಹೀಗೇ ಬೇರೆ ಲೆಕ್ಕ. ನಾಲ್ಕನೇ ವರ್ಷ ಫ್ರಿಜ್ಜು ತಣ್ಣಗಾಗದಿದ್ದರೆ ಮೊದಲು ಕೇಳಬೇಕಾದದ್ದು "ಎಷ್ಟು ಆಗತೈತ್ರಿ" ಎಂದಲ್ಲ, "ಕೆಟ್ಟದ್ದು ಕಂಪ್ರೆಸರ್ರೋ ಬೇರೇನೋ, ಬರದು ಕೊಡ್ರಿ" ಎಂದು. ಕಂಪ್ರೆಸರ್ ಬಿಟ್ಟಿ ಸಿಕ್ಕರೂ ಗ್ಯಾಸ್ ತುಂಬುವ, ಬಂದುಹೋಗುವ ಖರ್ಚನ್ನು ಕಂಪನಿಯವರು ಕೇಳಬಹುದು. ಅದನ್ನು ಕೇಳಲು ಅವರಿಗೆ ಹಕ್ಕಿದೆಯೇ ಎಂಬುದೂ ಅದೇ ಕಾರ್ಡಿನಲ್ಲಿರುತ್ತದೆ.

ಇನ್ವರ್ಟರ್ ಬ್ಯಾಟರಿಯ ಕಾರ್ಡಿನಲ್ಲಿ ಎರಡು ಅವಧಿಗಳಿರುವುದು ಸಾಮಾನ್ಯ. ಮೊದಲ ಅವಧಿಯಲ್ಲಿ ಕೆಟ್ಟರೆ ಬ್ಯಾಟರಿಯನ್ನೇ ಬದಲಿಸಿ ಕೊಡುತ್ತಾರೆ. ಎರಡನೆಯದರಲ್ಲಿ ಹೊಸದರ ಬೆಲೆಯಲ್ಲಿ ಇಂತಿಷ್ಟು ಕಡಿತ. ಈ ಎರಡನೇ ಅವಧಿಯನ್ನು ಅಂಗಡಿಯವರು ತಾವಾಗಿ ನೆನಪಿಸುತ್ತಾರೆಂದು ನಂಬಬೇಡಿ. ಸೋಲಾರ್ ಫಲಕಗಳಿಗೆ ಕರೆಂಟು ಉತ್ಪಾದನೆಯ ವಾರಂಟಿ ಇಪ್ಪತ್ತೈದು ವರ್ಷದವರೆಗೂ ಇರುವುದುಂಟು. ಪಿಎಂ ಕುಸುಮ್ ಯೋಜನೆಯ ಸೋಲಾರ್ ಪಂಪ್‌ಸೆಟ್ ಹಾಕಿಸಿದವರಿಗೆ ಐದು ವರ್ಷದ ನಿರ್ವಹಣೆ ಸರಬರಾಜು ಮಾಡಿದ ಕಂಪನಿಯದೇ. ಹೊಲದಲ್ಲಿ ಗೋವಿನಜೋಳ ನೀರಿಗೆ ಬಾಯಿಬಿಟ್ಟಾಗ ಪಂಪು ನಿಂತರೆ, ರಿಪೇರಿಗೆ ಕೈಯಿಂದ ರೊಕ್ಕ ಸುರಿಯುವ ಮೊದಲು ಹಾಕಿಸಿದ ತಾರೀಕು ನೋಡಿ.

ಕಾರ್ಡು ಸಿಗದಿದ್ದರೆ? ವಾರಂಟಿಯ ವಿವರವನ್ನು ಗ್ರಾಹಕನ ಕೈಗೆ ತಲುಪಿಸುವುದು ಕಂಪನಿಯ ಕರ್ತವ್ಯ. ಮೊಬೈಲಿನ ಜೊತೆ ಬಳಕೆಯ ಕೈಪಿಡಿ ಕೊಡದೆ ತಿಂಗಳುಗಟ್ಟಲೆ ತಡಮಾಡಿದ್ದಕ್ಕೆ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗವು 2024ರಲ್ಲಿ ಒನ್‌ಪ್ಲಸ್ ಕಂಪನಿಗೆ 5,000 ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ವಾರಂಟಿಯ ಮಾಹಿತಿ, ಕಂಪನಿಯ ವಿಳಾಸ ತಿಳಿಯಲು ಕಷ್ಟವಾಯಿತು ಎಂಬುದೇ ಆ ಗ್ರಾಹಕರ ತಕರಾರಾಗಿತ್ತು. ಮೊತ್ತ ಸಣ್ಣದಿರಬಹುದು, ತತ್ವ ದೊಡ್ಡದು.

3. ಪಕ್ಕಾ ಬಿಲ್ ಇಲ್ಲದೆ ಮನೆಗೆ ಏನನ್ನೂ ತರಬೇಡಿ

"ಬಿಲ್ ಬ್ಯಾಡಂದ್ರ ಜಿಎಸ್‌ಟಿ ಉಳೀತೈತಿ, ನಿಮಗ ಕಡಿಮಿ ಮಾಡಿ ಕೊಡತೇನಿ" ಎಂಬ ಮಾತಿಗೆ ಮರುಳಾದವರು ಅಲ್ಲೇ ತಮ್ಮ ಹಕ್ಕನ್ನು ಮಾರಿಕೊಂಡಂತೆ. ಬಿಲ್ ಕೊಡದಿರುವುದು 2019ರ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ನಿಮ್ಮ ಹೆಸರು, ತಾರೀಕು, ಮಾಡೆಲ್, ಸೀರಿಯಲ್ ನಂಬರ್ ಇರಲಿ, ಮೊಬೈಲಾದರೆ ಐಎಂಇಐ ನಂಬರ್ ಇರಲಿ. ಅಂಗಡಿಯ ಮಷೀನಿನಿಂದ ಬರುವ ನುಣುಪು ಕಾಗದದ ಬಿಲ್ ಕೆಲವೇ ತಿಂಗಳಲ್ಲಿ ಮಾಸಿ ಬಿಳಿ ಹಾಳೆಯಾಗುತ್ತದೆ. ತಂದ ದಿನವೇ ಝೆರಾಕ್ಸ್ ಮಾಡಿಸಿ, ಫೋಟೊ ತೆಗೆದು ನಿಮಗೇ ವಾಟ್ಸಾಪ್ ಮಾಡಿಕೊಳ್ಳಿ.

4. ಜಾಬ್ ಶೀಟ್ ಇಲ್ಲದೆ ಸಾಮಾನು ಬಿಡಬೇಡಿ

ಇಡೀ ಪಟ್ಟಿಯಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವ ಸೂತ್ರ ಇದು. ವಾರಂಟಿ ಮುಗಿದ ಮೇಲಿನ ಜಗಳ ಗೆಲ್ಲುವುದು ವಾರಂಟಿ ಇದ್ದಾಗಿನ ಕಾಗದದಿಂದ.

ಹತ್ತನೇ ತಿಂಗಳಲ್ಲಿ ಟಿವಿಯ ಪರದೆಯಲ್ಲಿ ಒಂದು ಗೆರೆ ಬಂತು ಎನ್ನಿ. ಮೆಕ್ಯಾನಿಕ್ ಬಂದು, "ಸಾಫ್ಟ್‌ವೇರ್ ಹಾಕೇನ್ರಿ, ಸರಿ ಆಗತೈತಿ" ಎಂದು ಹೋದ. ಹದಿನಾಲ್ಕನೇ ತಿಂಗಳಲ್ಲಿ ಅದೇ ಗೆರೆ ಅಗಲವಾಗಿ ಪರದೆಯೇ ಕತ್ತಲಾಯಿತು. ಕಂಪನಿಯ ಲೆಕ್ಕದಲ್ಲಿ ಇದು ವಾರಂಟಿ ಮೀರಿದ ಹೊಸ ದೂರು. ನಿಮ್ಮ ಹತ್ತಿರ ಹತ್ತನೇ ತಿಂಗಳ ಜಾಬ್ ಶೀಟ್, ಅಂದರೆ ದೂರು ಮತ್ತು ದುರಸ್ತಿಯ ವಿವರ ಬರೆದ ಹಾಳೆ, ಇದ್ದರೆ ಲೆಕ್ಕ ತಿರುಗುತ್ತದೆ. ದೋಷ ವಾರಂಟಿಯೊಳಗೇ ಹುಟ್ಟಿತ್ತು, ನೀವು ತಿಳಿಸಿದ್ದಿರಿ, ಅವರು ಸರಿಯಾಗಿ ದುರಸ್ತಿ ಮಾಡಲಿಲ್ಲ ಎಂದು ವಾದಿಸಲು ಗಟ್ಟಿ ನೆಲ ಸಿಗುತ್ತದೆ. ಹಾಗಾದಾಗ ಅದು ಸೇವಾ ನ್ಯೂನತೆ. ತಾರೀಕು ಮೀರಿದೆ ಎಂಬ ಒಂದೇ ನೆಪದಿಂದ ಅದನ್ನು ತಳ್ಳಿಹಾಕುವುದು ಕಷ್ಟ.

ಆದ್ದರಿಂದ ಸಣ್ಣ ತೊಂದರೆಯಾದರೂ ಕಂಪನಿಯ ನಂಬರಿಗೇ ದೂರು ಕೊಡಿ, ದೂರಿನ ಸಂಖ್ಯೆಯ ಎಸ್‌ಎಂಎಸ್ ಅಳಿಸಬೇಡಿ. ಮೆಕ್ಯಾನಿಕ್ ಬಂದು ಹೋದರೆ ಏನು ನೋಡಿದ, ಏನು ಬದಲಿಸಿದ ಎಂಬುದನ್ನು ಶೀಟಿನಲ್ಲಿ ಬರೆಸಿ, ಸಹಿ ಹಾಕಿಸಿ. ಅವನು ಇಂಗ್ಲಿಷಿನಲ್ಲಿ ಗೀಚಿದ್ದು ತಿಳಿಯದಿದ್ದರೆ ಮನೆಯ ಹುಡುಗರಿಂದ ಓದಿಸಿ ಆಮೇಲೆ ನಿಮ್ಮ ಸಹಿ ಹಾಕಿ. "ನೀರು ಬಿದ್ದೈತಿ", "ಗ್ರಾಹಕರ ತಪ್ಪಿನಿಂದ ಹಾನಿ" ಎಂಬಂಥ ಒಂದು ಸಾಲಿನ ಕೆಳಗೆ ನೀವು ಸಹಿ ಮಾಡಿದರೆ ಮುಂದೆ ಅದೇ ನಿಮ್ಮ ವಿರುದ್ಧದ ಸಾಕ್ಷಿ. ಒಪ್ಪಿಗೆಯಿಲ್ಲದಿದ್ದರೆ 'ನನಗೆ ಒಪ್ಪಿಗೆ ಇಲ್ಲ' ಎಂದು ಕನ್ನಡದಲ್ಲೇ ಬರೆದು ಸಹಿ ಹಾಕಿ.

ವಾರಂಟಿ ಮುಗಿಯುವ ಹದಿನೈದು ದಿನ ಮೊದಲು ಪ್ರತಿ ಸಾಮಾನನ್ನು ಒಮ್ಮೆ ಪೂರ್ತಿ ಪರೀಕ್ಷಿಸಿ. ಸದ್ದು, ಬಿಸಿ, ಗೆರೆ, ಚಾರ್ಜ್ ಬೇಗ ಇಳಿಯುವುದು, ಏನೇ ಕಂಡರೂ ಆಗಲೇ ದೂರು ದಾಖಲಾಗಲಿ.

5. ಸೋಲುವ ಜಗಳಕ್ಕೆ ಇಳಿಯಬೇಡಿ

ಕೈಜಾರಿ ಒಡೆದ ಪರದೆ, ಇಲಿ ಕಡಿದ ವೈರು, ಸಿಡಿಲಿಗೆ ಸುಟ್ಟ ಸೆಟ್‌ಟಾಪ್ ಬಾಕ್ಸು, ಐದು ವರ್ಷ ದುಡಿದು ಸೋತ ಬ್ಯಾಟರಿ: ಇವು ತಯಾರಿಕಾ ದೋಷಗಳಲ್ಲ. ಇವುಗಳಿಗೆ ಕಂಪನಿಯನ್ನು ದೂರಿದರೆ ನಿಮ್ಮ ಸಮಯವೂ ಹೋಗುತ್ತದೆ, ನಾಳೆ ನ್ಯಾಯವಾದ ದೂರು ತಂದವರ ಮಾತಿಗೂ ಬೆಲೆ ಕುಗ್ಗುತ್ತದೆ.

6. ಸುಟ್ಟದ್ದು ಕರೆಂಟಿನಿಂದಲೇ? ಬಾಗಿಲು ಬೇರೆ

ಒಂದೇ ರಾತ್ರಿ ಓಣಿಯ ನಾಲ್ಕಾರು ಮನೆಗಳ ಟಿವಿ, ಫ್ಯಾನು ಸುಟ್ಟರೆ ಅದು ಟಿವಿ ಕಂಪನಿಯ ದೋಷವಾಗಿರುವ ಸಾಧ್ಯತೆ ಕಡಿಮೆ. ವೋಲ್ಟೇಜ್ ಏರಿಳಿತದ ಬಗ್ಗೆ ಕೂಡಲೇ 1912ಕ್ಕೆ ಫೋನ್ ಮಾಡಿ ಹೆಸ್ಕಾಂಗೆ ದೂರು ದಾಖಲಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ಎಲ್ಲ ಮನೆಯವರೂ ಸೇರಿ ಸಹಿ ಮಾಡಿದ ಅರ್ಜಿಯನ್ನು ಶಾಖಾ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವಿದ್ಯುತ್ ಪೂರೈಕೆಯೂ ಗ್ರಾಹಕ ಕಾಯ್ದೆಯಡಿ 'ಸೇವೆ'ಯೇ. ಒಂದೇ ಹಿತಾಸಕ್ತಿ ಇರುವ ಹಲವು ಗ್ರಾಹಕರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು ಕಾಯ್ದೆಯ 35ನೇ ಕಲಮಿನಲ್ಲಿ ಅವಕಾಶವಿದೆ. ಒಬ್ಬರ ಮನೆಯಲ್ಲಿ ಮಾತ್ರ ಸುಟ್ಟರೆ ಮೊದಲು ಮನೆಯ ವೈರಿಂಗು, ಅರ್ಥಿಂಗು ಪರೀಕ್ಷಿಸಿ.

7. ಕಂಪನಿ ತಾನೇ ಒಪ್ಪಿಕೊಂಡ ದೋಷವೇ ಎಂದು ಹುಡುಕಿ

ಒಂದೇ ಮಾಡೆಲಿನಲ್ಲಿ ಸಾವಿರಾರು ಜನಕ್ಕೆ ಒಂದೇ ದೋಷ ಬಂದಾಗ ಕಂಪನಿಗಳು ವಾರಂಟಿ ಮುಗಿದವರಿಗೂ ಪರಿಹಾರ ಕೊಟ್ಟ ಉದಾಹರಣೆಗಳಿವೆ. ಹಳೆಯ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿದ್ದನ್ನು ಆಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಆಮೇಲೆ ವಾರಂಟಿ ಮೀರಿದ ಫೋನ್‌ಗಳಿಗೂ ಬ್ಯಾಟರಿ ಬದಲಿಸುವ ದರವನ್ನು ಭಾರತದಲ್ಲಿ ಸುಮಾರು 6,500ರಿಂದ 2,000 ರೂಪಾಯಿಗೆ ಇಳಿಸಿತು. ಪರದೆಯ ಮೇಲೆ ಹಸಿರು ಗೆರೆ ಬೀಳುವ ತೊಂದರೆಗೆ ಒನ್‌ಪ್ಲಸ್ ಕಂಪನಿಯು 2024ರಲ್ಲಿ ಭಾರತದ ಗ್ರಾಹಕರಿಗೆ ಆಜೀವ ವಾರಂಟಿ ಘೋಷಿಸಿತು.

ಇಂಥ ಯೋಜನೆಗಳನ್ನು ಸರ್ವಿಸ್ ಸೆಂಟರಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುವುದಿಲ್ಲ. ಊರಿನ ಕಾಲೇಜು ಹುಡುಗ ಹುಡುಗಿಯರಿಗೆ ಮಾಡೆಲ್ ಹೆಸರು, ದೋಷ ಎರಡನ್ನೂ ಹೇಳಿ ಕಂಪನಿಯ ಅಧಿಕೃತ ಜಾಲತಾಣದಲ್ಲಿ ಹುಡುಕಿಸಿ. ಅದೇ ದೋಷ ಬಹಳ ಜನಕ್ಕೆ ಬಂದಿದೆ ಎಂಬುದೂ ಆಯೋಗದ ಮುಂದೆ ನಿಮ್ಮ ವಾದಕ್ಕೆ ಬಲ ಕೊಡುತ್ತದೆ.

8. ರೊಕ್ಕ ಕೊಟ್ಟು ರಿಪೇರಿ ಮಾಡಿಸುವಾಗಲೂ ಗ್ರಾಹಕರೇ ನೀವು

ಮೊದಲು ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ. ಹೊಸ ಭಾಗಕ್ಕೆ ಎಷ್ಟು ದಿನದ ವಾರಂಟಿ ಎಂದು ಬಿಲ್ಲಿನಲ್ಲೇ ಬರೆಸಿ. ಹಾಗೆ ಮಾಡಿದರೆ ವಾರಂಟಿ ಸತ್ತ ಸಾಮಾನಿಗೂ ಒಂದು ಭಾಗದ ಮಟ್ಟಿಗೆ ಜೀವ ಬರುತ್ತದೆ.

"ಈ ಮಾಡೆಲಿಂದು ಪಾರ್ಟ್ ಬರಂಗಿಲ್ರಿ, ಹೊಸಾದು ತೊಗೊಳ್ರಿ" ಎಂದರೆ ಆ ಮಾತನ್ನೂ ಬರವಣಿಗೆಯಲ್ಲಿ ಕೇಳಿ. ಬಿಡಿಭಾಗ ಪೂರೈಸದಿರುವುದನ್ನು ಸೇವಾ ನ್ಯೂನತೆ ಎಂದು ಪರಿಗಣಿಸಿದ ಆಯೋಗಗಳಿವೆ. ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿತು, ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ಉಪಕರಣ, ವಾಹನ ಎಂಬ ನಾಲ್ಕು ವಲಯಗಳು ಅದರಲ್ಲಿವೆ. ಕಂಪನಿಗಳು ಕೈಪಿಡಿ, ಬಿಡಿಭಾಗ, ಸರ್ವಿಸ್ ಸೆಂಟರುಗಳ ಮಾಹಿತಿ ಅಲ್ಲಿ ಹಾಕಬೇಕೆಂಬುದು ಉದ್ದೇಶ. ಪೋರ್ಟಲ್ ಇದೆ, ಆದರೆ ಕಡ್ಡಾಯದ ಕಾನೂನಿನ ಬಲ ಇನ್ನೂ ಅದಕ್ಕೆ ಸಾಲದು. ಕಲಘಟಗಿಯ ಬಣ್ಣದ ತೊಟ್ಟಿಲಿನಲ್ಲಿ ಮಗ ಮಲಗಿದಲ್ಲೇ ಮೊಮ್ಮಗನೂ ಮಲಗುವುದುಂಟು. ಹಾಗಿರುವಾಗ ಸಾವಿರಾರು ರೂಪಾಯಿಯ ಟಿವಿಗೆ ಐದು ವರ್ಷ ಬಿಡಿಭಾಗ ಸಿಗಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಇನ್ನೊಂದು ಎಚ್ಚರಿಕೆ. ಗೂಗಲ್‌ನಲ್ಲಿ ಕಂಡ ಯಾವುದೋ 'ಕಸ್ಟಮರ್ ಕೇರ್' ನಂಬರಿಗೆ ಫೋನ್ ಮಾಡಬೇಡಿ. ಡಬ್ಬದ ಮೇಲಿನ, ಬಿಲ್ಲಿನ ಮೇಲಿನ ನಂಬರೇ ಸರಿ. ಆಪ್ ಹಾಕಿಕೊಳ್ಳಿ, ಓಟಿಪಿ ಹೇಳಿ ಎಂದರೆ ಫೋನ್ ಇಡಿ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ದೂರು ಕೊಡಿ.

9. ಮೊದಲ ಮೆಟ್ಟಿಲು 1915

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಬಿಲ್, ಜಾಬ್ ಶೀಟ್ ಪಕ್ಕದಲ್ಲಿಟ್ಟುಕೊಂಡು ಫೋನ್ ಮಾಡಿ. ಅವರು ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಆದರೂ ಸರ್ವಿಸ್ ಸೆಂಟರಿನ ಕೌಂಟರು ಕೇಳದ ಮಾತನ್ನು ಕಂಪನಿಯ ಮುಖ್ಯ ಕಚೇರಿ ಕೇಳುವಂತೆ ಮಾಡುವ ದಾರಿ ಇದು. ಆನ್‌ಲೈನಿನಲ್ಲಿ ಕೊಂಡಿದ್ದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

10. ಧಾರವಾಡದ ಆಯೋಗ ನಿಮ್ಮದೇ, ಹೆದರಬೇಡಿ

ಕೋರ್ಟು ಎಂದರೆ ನಮ್ಮ ಊರುಗಳಲ್ಲಿ ಕೈಕಾಲು ತಣ್ಣಗಾಗುತ್ತವೆ. ಗ್ರಾಹಕ ಆಯೋಗ ಹಾಗಲ್ಲ. ಹಳೆಯ ಕಾಯ್ದೆಯಲ್ಲಿ ಎದುರಾಳಿ ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ದೂರು ಕೊಡಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಮಾನು ಬೆಂಗಳೂರಿನಿಂದ ಬಂದಿರಲಿ, ಕಂಪನಿ ಗುರುಗ್ರಾಮದಲ್ಲಿರಲಿ, ಬಮ್ಮಿಗಟ್ಟಿಯವರಿಗೆ ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವೇ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಬೇಕೆನಿಸಿದರೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ, ಸಂಖ್ಯೆ 15100. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಮೂಲಕ ಆನ್‌ಲೈನಿನಲ್ಲೂ ದೂರು ಸಲ್ಲಿಸಬಹುದು.

ದೂರು ಕೊಡುವ ಮೊದಲು ಅಂಗಡಿ, ತಯಾರಕ ಕಂಪನಿ, ಸರ್ವಿಸ್ ಸೆಂಟರ್ ಮೂವರಿಗೂ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ, ರಸೀದಿ ಜೋಪಾನ ಮಾಡಿ. ಆಮೇಲೆ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಗಡುವು ಎರಡು ವರ್ಷ. ದೂರಿನ ಕಾರಣ ಹುಟ್ಟಿದ ದಿನದಿಂದ ಎಣಿಕೆ. ಕಂಪನಿಗೆ ಪತ್ರದ ಮೇಲೆ ಪತ್ರ ಬರೆಯುತ್ತ ಕೂತರೆ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ತಡವಾಗಿದ್ದರೆ ತಕ್ಕ ಕಾರಣ ತೋರಿಸಿ ಮನ್ನಾ ಕೇಳಬಹುದು, ಕೊಡುವುದು ಬಿಡುವುದು ಆಯೋಗದ ವಿವೇಚನೆ.

ವಾರಂಟಿ ಮುಗಿದ ಪ್ರಕರಣ ಬಹಳ ಸಲ ಸೋಲುವುದು ಒಂದೇ ಕಡೆ: ದೋಷ ತಯಾರಿಕೆಯದೇ ಎಂದು ತೋರಿಸುವ ತಜ್ಞರ ವರದಿ ಇರುವುದಿಲ್ಲ. ಕಂಪನಿಗೆ ಸಂಬಂಧವಿಲ್ಲದ, ಅರ್ಹತೆಯುಳ್ಳ ತಂತ್ರಜ್ಞರಿಂದ ಸಹಿ ಮಾಡಿದ ವರದಿ ಪಡೆಯಿರಿ. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ಆಯೋಗವೇ ಸಾಮಾನನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, 38ನೇ ಕಲಮು ನೋಡಿ. ಶುಲ್ಕವನ್ನು ನೀವು ಕಟ್ಟಬೇಕಾಗಬಹುದು. ಅಲ್ಲಿಯವರೆಗೆ ಕೆಟ್ಟ ಸಾಮಾನನ್ನು ಬಿಚ್ಚಬೇಡಿ, ಗುಜರಿಗೆ ಹಾಕಬೇಡಿ. ಅದೇ ನಿಮ್ಮ ಮುಖ್ಯ ಸಾಕ್ಷಿ.

ಕೇಳುವಾಗ ಹದ ಇರಲಿ. ಮೂರು ವರ್ಷ ನೋಡಿದ ಟಿವಿಗೆ ಹೊಸ ಟಿವಿ, ಜೊತೆಗೆ ಐದು ಲಕ್ಷ ಮಾನಸಿಕ ಯಾತನೆ ಎಂದು ಬರೆದರೆ ನಿಮ್ಮ ಅರ್ಜಿಯ ತೂಕವೇ ಇಳಿಯುತ್ತದೆ. ಉಚಿತ ದುರಸ್ತಿ, ಅದಾಗದಿದ್ದರೆ ಬಳಕೆಯ ಸವೆತ ಕಳೆದು ಉಳಿದ ಬೆಲೆ, ಓಡಾಟದ ಖರ್ಚು, ದೂರಿನ ಖರ್ಚು ಎಂದು ಕೇಳಿ. ಟಿಕೀಟುಗಳನ್ನು ಎತ್ತಿಟ್ಟಿದ್ದರೆ ಲಗತ್ತಿಸಿ.

11. ದುಡಿಮೆಯ ಯಂತ್ರವಾದರೆ ಒಂದು ಸಾಲು ಸೇರಿಸಿ

ಹೊಲಿಗೆ ಯಂತ್ರ, ಝೆರಾಕ್ಸ್ ಮಷೀನು, ಹಿಟ್ಟಿನ ಗಿರಣಿಯ ಮೋಟರು ಕೆಟ್ಟಾಗ "ವ್ಯಾಪಾರಕ್ಕೆ ತಂದದ್ದು, ನೀವು ಗ್ರಾಹಕರೇ ಅಲ್ಲ" ಎಂದು ಎದುರು ಪಕ್ಷ ವಾದಿಸುತ್ತದೆ. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡು, ತಾನೇ ಬಳಸುವವರನ್ನು ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ಅದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ.

12. ಸ್ಫೋಟವಾದರೆ ವಾರಂಟಿಯ ಮಾತೇ ಎತ್ತಬೇಡಿ

ಚಾರ್ಜಿಗೆ ಹಾಕಿದ ಫೋನ್ ಸಿಡಿದು ಕೈ ಸುಟ್ಟರೆ, ಫ್ರಿಜ್ಜಿನಿಂದ ಮನೆಗೆ ಬೆಂಕಿ ತಗುಲಿದರೆ ಅದು ಉತ್ಪನ್ನ ಹೊಣೆಗಾರಿಕೆಯ ಪ್ರಕರಣ, ಕಾಯ್ದೆಯ 82ರಿಂದ 87ನೇ ಕಲಮುಗಳು. ತಯಾರಿಕೆಯ ಅಥವಾ ವಿನ್ಯಾಸದ ದೋಷದಿಂದ ದೇಹಕ್ಕೆ, ಬೇರೆ ಆಸ್ತಿಗೆ ಆದ ಹಾನಿಗೆ ತಯಾರಕರು ಹೊಣೆ. ಫೋಟೊ, ಆಸ್ಪತ್ರೆಯ ದಾಖಲೆ, ಪೊಲೀಸ್ ಅಥವಾ ಅಗ್ನಿಶಾಮಕ ವರದಿ ಮೊದಲ ದಿನವೇ ಸಿದ್ಧವಾಗಲಿ. ಸುಟ್ಟ ಅವಶೇಷವನ್ನು ಕಂಪನಿಯ ಪ್ರತಿನಿಧಿ ಕೇಳಿದರೂ ಬರವಣಿಗೆಯ ಸ್ವೀಕೃತಿಯಿಲ್ಲದೆ ಕೊಡಬೇಡಿ.

13. ಆದೇಶ ಬಂದ ಮೇಲೆ ಕೈಕಟ್ಟಿ ಕೂರಬೇಡಿ

ಕಂಪನಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಅದಕ್ಕೆ ಮೊದಲು ಆದೇಶದ ಮೊತ್ತದ ಅರ್ಧವನ್ನು ಕಟ್ಟಬೇಕು. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ ಧಾರವಾಡದ ಅದೇ ಆಯೋಗಕ್ಕೆ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದೇಶದ ದೃಢೀಕೃತ ಪ್ರತಿಯನ್ನು ಕೈಗೆ ಬಂದ ದಿನವೇ ಎರಡು ಝೆರಾಕ್ಸ್ ಮಾಡಿಸಿ, ಜಾರಿ ಅರ್ಜಿಗೆ ಬೇಕಾಗುತ್ತದೆ.